ವಿನ್ಯಾಸ ವೃತ್ತಿಗೆ ವಿಂಡೋಸೋ, ಮ್ಯಾಕೋ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಳ್ಳುವವರು ಗಣಕಯಂತ್ರ ಕೊಳ್ಳುವ ಮುನ್ನ ಕನ್ನಡ ಅಕ್ಷರದ ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕು.

ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 1985ರಲ್ಲಿ ಮೊದಲು ಬಂದದ್ದು ಮ್ಯಾಕಿಂಟಾಷ್‌ಗೆ. ಆದರೆ ಕನ್ನಡ ಡಿಟಿಪಿ ಬೆಳೆದದ್ದು ವಿಂಡೋಸ್‌ನಲ್ಲಿ. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎರಡೂ ವಿಂಡೋಸ್‌ಗೆಂದೇ ರೂಪುಗೊಂಡವು. 2001ರ ಪೇಜ್‌ಮೇಕರ್ 7.0 ಅದರ ಕೊನೆಯ ಆವೃತ್ತಿ. ಇಂದಿನ ಮ್ಯಾಕ್‌ಗಳಲ್ಲಿ ಅದು ನಡೆಯದು. ಹಳೆಯ ಕಡತ ತಿದ್ದಿ ಮತ್ತೆ ಅಚ್ಚಿಗೆ ಕೊಡುವವರಿಗೆ ವಿಂಡೋಸೇ ಸೂಕ್ತ.

ಹೊಸದಾಗಿ ಯೂನಿಕೋಡ್‌ನಲ್ಲೇ ಆರಂಭಿಸುವವರಿಗೆ ಈ ಕಟ್ಟುಪಾಡಿಲ್ಲ. ಇನ್‌ಡಿಸೈನ್, ಫೋಟೋಶಾಪ್ ಎರಡೂ ಕಡೆ ಲಭ್ಯ. ಕೋರೆಲ್‌ಡ್ರಾ ಸಹ 2019ರಲ್ಲಿ ಮ್ಯಾಕ್‌ಗೆ ಮರಳಿತು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕೊಟ್ಟರೆ ಮುದ್ರಣಾಲಯದಲ್ಲಿ ಅಕ್ಷರ ಕೆಡದು. ಮುದ್ರಣಾಲಯ ಯಾವ ಬಗೆಯ ಕಡತ ಸ್ವೀಕರಿಸುತ್ತದೆಂದು ಮೊದಲೇ ವಿಚಾರಿಸುವುದು ಒಳಿತು.