ಸಬ್‌ವೂಫರ್ ಎಲ್ಲಿಟ್ಟರೂ ಒಂದೇನಾ? ಬೇಸ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

"ಬೇಸ್‌ಗೆ ದಿಕ್ಕಿಲ್ಲ, ಸಬ್‌ವೂಫರನ್ನು ಯಾವ ಮೂಲೆಯಲ್ಲಿಟ್ಟರೂ ನಡೆಯುತ್ತೆ." ಮನೆಗೆ ಹೊಸ ಮ್ಯೂಸಿಕ್ ಸಿಸ್ಟಂ ತಂದವರಿಗೆ ಮೊದಲು ಸಿಗುವ ಸಲಹೆ ಇದು. ಇದನ್ನು ನಂಬಿ ಸೋಫಾ ಹಿಂದೆಯೋ ಶೋಕೇಸ್ ಪಕ್ಕವೋ ಇಟ್ಟವರು ನಾಲ್ಕು ದಿನ ಕಳೆಯುವುದರೊಳಗೆ "ಬರೀ ಗುಂಯ್ ಅನ್ನುತ್ತೆ" ಎಂದೋ "ಬೇಸೇ ಬರ್ತಿಲ್ಲ" ಎಂದೋ ಬೇಸರಪಡುತ್ತಾರೆ. ಆಮೇಲೆ ಇನ್ನೂ ದೊಡ್ಡದನ್ನು ಕೊಳ್ಳಲು ಹೊರಡುತ್ತಾರೆ. ಜೇಬಿಗೆ ಕೈ ಹಾಕುವ ಮೊದಲು ಈ ಮಾತಿನಲ್ಲಿ ನಿಜವೆಷ್ಟು ಎಂದು ನೋಡೋಣ.

ಚಿಕ್ಕ ಉತ್ತರ: ಇದು ಅರ್ಧ ಸತ್ಯ. ತೀರಾ ತಗ್ಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ನಮ್ಮ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ನಿಜ. ಆದರೆ ಅದು ಎಷ್ಟು ಕೇಳಿಸುತ್ತದೆ ಎಂಬುದನ್ನು ಸಬ್‌ವೂಫರ್ ಇಟ್ಟ ಜಾಗವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಅರ್ಧ ಸತ್ಯ ಏಕೆ?

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 40 ಬಾರಿ ಕಂಪಿಸುವ, ಅಂದರೆ 40 ಹರ್ಟ್ಸ್‌ನ ಬೇಸ್ ಸ್ವರದ ಒಂದೊಂದು ಅಲೆ ಸುಮಾರು 8.6 ಮೀಟರ್ ಉದ್ದವಿರುತ್ತದೆ. ಅಷ್ಟು ದೊಡ್ಡ ಅಲೆಯ ಮುಂದೆ ನಮ್ಮ ಎರಡು ಕಿವಿಗಳ ನಡುವಿನ ಅಂತರ ಏನೇನೂ ಅಲ್ಲ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಸದ್ದು ತಲುಪುವುದರಿಂದ ದಿಕ್ಕು ಸಿಗುವುದಿಲ್ಲ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಈ ಮಾತು ಸರಿ.

ಆದರೆ ಇದೇ ಉದ್ದದ ಅಲೆ ಗೋಡೆಗೆ ಬಡಿದು ಹಿಂದಿರುಗುತ್ತದೆ. 12 ಅಡಿ ಅಗಲ, 14 ಅಡಿ ಉದ್ದದ ಕೋಣೆಯನ್ನು ತೆಗೆದುಕೊಳ್ಳಿ. 12 ಅಡಿಯ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಅಲೆಯ ಅರ್ಧ ಭಾಗ ಸರಿಯಾಗಿ ಕೂರುತ್ತದೆ. 14 ಅಡಿಯ ಕಡೆ ಸುಮಾರು 40 ಹರ್ಟ್ಸ್. ಹೋಗುವ ಅಲೆ, ಬರುವ ಅಲೆ ಎರಡೂ ಸೇರಿದಾಗ ಗೋಡೆಯ ಬಳಿ ಆ ಸ್ವರ ಜೋರಾಗುತ್ತದೆ, ಕೋಣೆಯ ನಡುವೆ ಬಹುತೇಕ ಮಾಯವಾಗುತ್ತದೆ. ಅದಕ್ಕೇ ಗೋಡೆಗೆ ಒರಗಿ ಕೂತವರಿಗೆ ಎದೆ ನಡುಗಿಸುವ ಬೇಸ್, ನಡುವೆ ಕುರ್ಚಿ ಹಾಕಿಕೊಂಡವರಿಗೆ ಪೇಲವ. ಇಲ್ಲಿ ತಪ್ಪು ಸಬ್‌ವೂಫರಿನದಲ್ಲ, ಕೋಣೆಯ ಅಳತೆಯದು.

ಸರಿಯಾದ ಜಾಗ ಹುಡುಕುವುದು ಹೇಗೆ?

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಶಬ್ದ ಹುಟ್ಟುವ ಜಾಗ ಮತ್ತು ಕೇಳುವ ಜಾಗವನ್ನು ಅದಲು ಬದಲು ಮಾಡಿದರೂ ಕೋಣೆ ಅದರ ಮೇಲೆ ಮಾಡುವ ಪರಿಣಾಮ ಅದೇ ಇರುತ್ತದೆ. ಇದನ್ನೇ ಬಳಸಿಕೊಳ್ಳೋಣ.

1. ನೀವು ದಿನಾ ಕೂರುವ ಜಾಗದಲ್ಲೇ, ಸಾಧ್ಯವಾದರೆ ಕುರ್ಚಿಯ ಮೇಲೆಯೇ, ಸಬ್‌ವೂಫರ್ ಇಡಿ.
2. ಬೇಸ್ ಸ್ವರಗಳು ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಹಾಕಿ. ಒಂದೇ ಸ್ವರ ಬಡಿಯುವ ಹಾಡು ಬೇಡ.
3. ಸಬ್‌ವೂಫರ್ ಇಡಲು ಸಾಧ್ಯವಿರುವ ಜಾಗಗಳಿಗೆ ಹೋಗಿ, ನೆಲದ ಹತ್ತಿರಕ್ಕೆ ಬಗ್ಗಿ ಕೇಳಿ.
4. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ, ಸ್ಪಷ್ಟವಾಗಿ ಕೇಳಿಸುವ ಜಾಗ ಸಿಕ್ಕರೆ ಅಲ್ಲೇ ಸಬ್‌ವೂಫರ್ ಇಡಿ.

ಮೂಲೆಯಲ್ಲಿಟ್ಟರೆ ಸದ್ದು ಅತಿ ಜೋರಾಗುತ್ತದೆ. ಆದರೆ ಕೋಣೆಯ ಗುಂಯ್‌ಗುಡುವಿಕೆಯೂ ಅಲ್ಲೇ ಅತಿ ಹೆಚ್ಚು.

ಹಿಂಬದಿಯ ಗುಂಡಿಗಳು

ಕ್ರಾಸ್‌ಓವರ್: ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಎಂಬುದನ್ನು ಇದು ತೀರ್ಮಾನಿಸುತ್ತದೆ. 80ರಿಂದ ಶುರು ಮಾಡುವುದು ಒಳ್ಳೆಯದು. ಮುಖ್ಯ ಸ್ಪೀಕರ್‌ಗಳು ತೀರಾ ಚಿಕ್ಕವಾದರೆ ಸ್ವಲ್ಪ ಏರಿಸಬೇಕಾಗುತ್ತದೆ. 150ರವರೆಗೆ ಏರಿಸಿದರೆ ಗಂಡಸರ ದನಿಯ ತಗ್ಗಿನ ಭಾಗವೂ ಸಬ್‌ವೂಫರಿನಿಂದ ಬರತೊಡಗಿ, ಗಾಯಕ ಕೊಡದೊಳಗೆ ಕೂತು ಹಾಡಿದಂತೆ ಕೇಳಿಸಬಹುದು. ಆಂಪ್ಲಿಫೈಯರಿನಲ್ಲೇ ಕ್ರಾಸ್‌ಓವರ್ ಹೊಂದಿಸಿದ್ದರೆ ಸಬ್‌ವೂಫರಿನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಡಿ, ಅಥವಾ ಎಲ್‌ಎಫ್‌ಇ ಎಂದಿರುವ ಕಿಂಡಿಗೆ ವೈರ್ ಹಾಕಿ. ಎರಡೂ ಕಡೆ ಕತ್ತರಿಸಿದರೆ ನಡುವಿನ ಸ್ವರಗಳು ಕಾಣೆಯಾಗುತ್ತವೆ.

ಫೇಸ್: ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಸಬ್‌ವೂಫರ್ ಹಿಂದಕ್ಕೆ ಎಳೆದರೆ ಎರಡರ ಸದ್ದೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ನೀವು ಕೂರುವಲ್ಲಿ ಕೂತು, ಮನೆಯವರೊಬ್ಬರಿಗೆ 0 ಮತ್ತು 180ರ ನಡುವೆ ಬದಲಿಸಲು ಹೇಳಿ. ಬೇಸ್ ತುಂಬಿಕೊಂಡು ಕೇಳಿಸುವ ಕಡೆಗೇ ಬಿಡಿ.

ಗೇನ್: ಇದನ್ನು ಕೊನೆಗೆ ಹೊಂದಿಸಿ. ಸಬ್‌ವೂಫರ್ ಪ್ರತ್ಯೇಕವಾಗಿ ಕೇಳಿಸತೊಡಗಿದ ಕೂಡಲೇ ಸ್ವಲ್ಪ ಇಳಿಸಿ. ಅದು ಓಡುತ್ತಿರುವುದು ಗೊತ್ತಾಗಬಾರದು, ಆರಿಸಿದರೆ ಮಾತ್ರ ಹಾಡು ಖಾಲಿಯೆನಿಸಬೇಕು.

ಇನ್ನೂ ಮೂರು ಮಾತುಗಳು

"ವ್ಯಾಟ್ ಹೆಚ್ಚಿದ್ದಷ್ಟೂ ಬೇಸ್ ಹೆಚ್ಚು": ಅಷ್ಟು ಸರಳವಲ್ಲ. 50 ವ್ಯಾಟ್ ಬದಲು 100 ವ್ಯಾಟ್ ಕೊಟ್ಟರೂ ಸದ್ದು ಏರುವುದು ಕೇವಲ 3 ಡೆಸಿಬಲ್. ಅದೇ ಕೋಣೆಯಲ್ಲಿ ಎರಡು ಜಾಗಗಳ ನಡುವೆ ಒಂದು ಬೇಸ್ ಸ್ವರದ ವ್ಯತ್ಯಾಸ 10 ಡೆಸಿಬಲ್ ದಾಟಬಹುದು. ಡಬ್ಬದ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಲೆಕ್ಕಕ್ಕಿಡಬೇಡಿ, ಆರ್‌ಎಂಎಸ್ ಅಂಕಿ ನೋಡಿ.

"ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಕೇಳಿಸಲ್ಲ": ಸುಳ್ಳು. ಒಂದೆರಡು ಇಂಚಿನ ರಟ್ಟು ಮೀಟರುಗಟ್ಟಲೆ ಉದ್ದದ ಅಲೆಯನ್ನು ತಡೆಯಲಾರದು. ತಗ್ಗಿನ ಸದ್ದು ಇಟ್ಟಿಗೆ ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ನಮ್ಮ ಹಾಡು ಪಕ್ಕದವರಿಗೆ ಬರೀ ಧಪ್‌ಧಪ್ ಎಂದು ಕೇಳಿಸುವುದು ಇದಕ್ಕೇ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೆ ಸೇರಿದ ಗೋಡೆಯಿಂದ ದೂರವಿಡಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ ನೆಲಕ್ಕಿಳಿಯುವ ಕಂಪನವನ್ನು ಒಂದಿಷ್ಟು ತಗ್ಗಿಸಿ. ರಾತ್ರಿಯಾದರೆ ಗೇನ್ ಇಳಿಸುವುದೊಂದೇ ನಿಜವಾದ ದಾರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬಲ್.

"ಗುಂಯ್ ಅಂದರೆ ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದುಬಿಡಿ": ಇದನ್ನು ಖಂಡಿತ ಮಾಡಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ. ಹಾಡಿಲ್ಲದಾಗಲೂ ಬಿಡದೆ ಕೇಳಿಸುವ ಗುಂಯ್ ಹಲವು ಸಲ ನಮ್ಮ 50 ಹರ್ಟ್ಸ್ ಕರೆಂಟಿನದು. ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಬೇರೆ ಬೇರೆ ಸಾಕೆಟ್‌ನಲ್ಲಿದ್ದಾಗ ಹೀಗಾಗಬಹುದು. ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ, ಸಿಗ್ನಲ್ ವೈರನ್ನು ಕರೆಂಟ್ ವೈರಿನಿಂದ ದೂರ ಸರಿಸಿ ನೋಡಿ. ಪಿನ್ ತೆಗೆದರೆ ಸದ್ದು ನಿಲ್ಲಬಹುದು. ಆದರೆ ಒಳಗೆ ದೋಷ ಬಂದ ದಿನ ಲೋಹದ ಭಾಗ ಮುಟ್ಟಿದವರಿಗೆ ಶಾಕ್ ತಪ್ಪಿಸುವುದು ಅದೇ ಪಿನ್.

ತೀರ್ಮಾನ: ಹೊಸ ಸಬ್‌ವೂಫರ್ ಇಷ್ಟವಾಗದಿದ್ದರೆ ಅದನ್ನು ಮಾರುವ ಮೊದಲು ಜಾಗ ಬದಲಿಸಿ ನೋಡಿ, ಆಮೇಲೆ ಗುಂಡಿಗಳನ್ನು ತಿರುಗಿಸಿ. ಒಂದು ಭಾನುವಾರದ ಮಧ್ಯಾಹ್ನ ಸಾಕು, ಹಣ ಬೇಕಿಲ್ಲ. "ಎಲ್ಲಿಟ್ಟರೂ ಒಂದೇ" ಎಂಬ ಸಲಹೆ ಇನ್ನೊಮ್ಮೆ ನಿಮ್ಮ ಗ್ರೂಪಿಗೆ ಬಂದರೆ, ಉತ್ತರವಾಗಿ ಈ ಲೇಖನ ಕಳಿಸಿ.