ಕಟ್ಟಿಗೆಯ ಎತ್ತಿಗೆ ಶಾಸನ ಇಲ್ಲ

ನಮ್ಮೂರು ಮೋರಖಂಡಿ, ಬಸವಕಲ್ಯಾಣದ ಹತ್ತಿರ. ರಾಷ್ಟ್ರಕೂಟರ ಮೂರನೇ ಗೋವಿಂದ ಕ್ರಿ.ಶ. 808ರ ಸುಮಾರಿಗೆ ಮಯೂರಖಂಡಿಯಿಂದ ತಾಮ್ರಪಟ ಹೊರಡಿಸಿದ್ದ. ಆ ಮಯೂರಖಂಡಿ ನಮ್ಮೂರೇ ಅಂತ ಕೆಲವು ವಿದ್ವಾಂಸರು. ಅಲ್ಲ, ಅದು ನಾಸಿಕ್ ಜಿಲ್ಲೆಯ ಮಾರ್ಕಿಂಡಾ ಕೋಟೆ ಅಂತ ಇನ್ನು ಕೆಲವರು. ನಾನಂತೂ ಊರಿನ ಪರ, ಬಿಡಿ. ತಾಮ್ರದ ಮೇಲೆ ಬರೆದದ್ದು 1,200 ವರ್ಷ ಬಾಳಿತು. ಅದೇ ಕಾಲದಲ್ಲಿ ಯಾವನೋ ಬಡಿಗ ಹಬ್ಬಕ್ಕಂತ ಮಗಳಿಗೆ ಎತ್ತು ಕೆತ್ತಿಕೊಟ್ಟಿದ್ದರೆ, ಅದು ಎಲ್ಲಿ ಹೋಯ್ತು? ಗೆದ್ದಲಿಗೆ, ಇಲ್ಲಾ ಒಲೆಗೆ.

ಈ ಪ್ರಶ್ನೆ ಹುಟ್ಟಿದ್ದು ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ. ನವರಾತ್ರಿಗೆ ಪಕ್ಕದ ಮನೆಯವರು ಪಟ್ಟದ ಗೊಂಬೆ ಕೂರಿಸಿದ್ದರು. ನೋಡಿ ಬಂದ ಮಗಳು ಕೇಳಿದಳು, "ಪಪ್ಪಾ, ನಮ್ಮ ಗೊಂಬೆ ಎಲ್ಲಿ?"

ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಆದ್ರೆ ನಮ್ಮ ಗಡಿಭಾಗದಲ್ಲಿ ಶ್ರಾವಣ ಅಮಾವಾಸ್ಯೆಗೆ ಪೋಳಾ ಹಬ್ಬ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಝೂಲ ಹೊದಿಸಿ ಮೆರೆಸ್ತಾರೆ. ನಮ್ಮ ಮನೆಯಲ್ಲಿ ಎತ್ತು ಇರಲಿಲ್ಲ. ಎತ್ತಿಲ್ಲದ ಮನೆಯ ಹುಡುಗರಿಗಂತ ಓಣಿಯ ಬಡಿಗ್ಯಾ ಮುತ್ಯಾ, ಕುಂಟೆ ಮಾಡಿ ಉಳಿದ ತುಂಡಿನಲ್ಲಿ ಗೇಣುದ್ದದ ಎತ್ತು ಕೆತ್ತಿಕೊಡ್ತಿದ್ದ. ಅದನ್ನು ಹಿಡಿದು ನಾವೂ ಮೆರವಣಿಗೆಯಲ್ಲಿ ಹೋಗ್ತಿದ್ದೆವು. ನಾಗಪುರದ ಕಡೆ ಇದಕ್ಕೇ ಒಂದು ಬೇರೆ ದಿನ ಉಂಟು. ಪೋಳಾದ ಮರುದಿನ 'ತಾನ್ಹಾ ಪೋಳಾ'. ಮಕ್ಕಳು ಕಟ್ಟಿಗೆಯ ಎತ್ತು ಸಿಂಗರಿಸಿ ತರ್ತಾರೆ.

ಈ ವರ್ಷ ಪೋಳಾಕ್ಕೆ ನಾವೇ ಮಾಡೋಣ ಅಂದೆ. ಅಪಾರ್ಟ್‌ಮೆಂಟಿನಲ್ಲಿ ಕಡಿದು ಹಾಕಿದ್ದ ಗುಲ್‌ಮೊಹರ್ ಟೊಂಗೆ ತಂದು, ಒಂದೇ ಭಾನುವಾರದಲ್ಲಿ ಕೊಯ್ದು, ಅರ ಹಾಕಿ, ಕಾಲು ಅಂಟಿಸಿ, ಬಣ್ಣವನ್ನೂ ಹಚ್ಚಿದೆ. ಎಂಟು ದಿನಕ್ಕೆ ಕಾಲು ಬಿಟ್ಟವು, ಬಣ್ಣ ಬಿರಿಯಿತು. ಫೋನಿನಲ್ಲಿ ಅಪ್ಪ ನಕ್ಕ. "ಹಸಿ ಕಟ್ಟಿಗಿಗಿ ಬಣ್ಣ ಹಚ್ಚಿದ್ರ ಮತ್ತೇನಾಗ್ತದ? ಬಡಿಗ್ಯಾ ಮುತ್ಯಾ ಬ್ಯಾಸಿಗಿಂದೇ ತುಂಡು ನೆಳ್ಳಾಗ ಒಣಗಸ್ತಿದ್ದ."

ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಮೇಲಿನ ಬಣ್ಣ ಅದರ ಜೊತೆ ಕುಗ್ಗೋದಿಲ್ಲ. ಟೆಸ್ಟ್ ಮಾಡದೆ ಶುಕ್ರವಾರ ಸಂಜೆ ರಿಲೀಸ್ ಮಾಡಿದ ಹಾಗೆ.

ಇದಕ್ಕೆ ಉಪಾಯ ಹುಡುಕುತ್ತಾ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಬಂದೆ. 1948ರವರೆಗೆ ಅವರೂ ನಾವೂ ನಿಜಾಮನ ರಾಜ್ಯದವರೇ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದ ತುಂಡು ಜೋಡಿಸಿ ಗೊಂಬೆ ಮಾಡ್ತಾರೆ; ಗರುಡನಿಗೆ 12 ತುಂಡು, ಸಿಂಹಾಸನದ ಗಣಪನಿಗೆ 22. ಸೆಣಬಿನ ಚಿಂದಿಯ ಪುಡಿಗೆ ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೈತುಂಬ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಡ್ತಾರೆ. ಬಣ್ಣದ ಸರದಿ ಆಮೇಲೆ. ಗೊಂಬೆ ಬಾಳೋದು ಕಣ್ಣಿಗೆ ಕಾಣದ ಈ ಪದರಗಳಿಂದ.

ಹಂಪಿಯ ವಿರೂಪಾಕ್ಷ ಗುಡಿಯ ವರ್ಣಚಿತ್ರಗಳು ತಮ್ಮ ಹಿರಿಯರ ಕೈಕೆಲಸ ಅನ್ನೋದು ಈ ಮನೆತನಗಳ ನಂಬಿಕೆ. ಆ ರಂಗಮಂಟಪ ಕಟ್ಟಿಸಿದವ ಕೃಷ್ಣದೇವರಾಯ ಅಂತ 1510ರ ಶಾಸನ ಸಾರುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ, ಬಣ್ಣ ಹಚ್ಚಿದವರದ್ದು ಬರೀ ನೆನಪಿನಲ್ಲಿ. ನಮ್ಮ ಚರಿತ್ರೆ ಮಾಡಿಸಿದವರ ಲೆಕ್ಕ ಇಟ್ಟಿದೆ, ಮಾಡಿದವರದ್ದಲ್ಲ.

ಪೋಳಾಕ್ಕೆ ಇನ್ನೂ ಎರಡು ತಿಂಗಳಿತ್ತು. ಈ ಸಲ ಬಡಗಿ ಅಂಗಡಿಯಿಂದ ಒಣಗಿದ ತುಂಡು ತಂದೆ. ಅಂಟಿಗೆ ಮರದ ಪುಡಿ ಕಲಸಿ ಸಂದು ತುಂಬಿ, ಕಾಲಿನ ಬೆಸುಗೆಗೆ ಹಳೆ ಪಂಚೆಯ ಚೂರು ಸುತ್ತಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿದೆವು. ಪ್ರೈಮರ್ ಒಣಗಲು ಒಂದು ದಿನ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ. ಮಗಳಿಗೆ ಬೇಜಾರಾಗಲಿಲ್ಲ, ನನಗೇ ಆಯ್ತು.

ಬಡಿಗ್ಯಾ ಮುತ್ಯಾನ ಹೆಸರೇನು ಅಂತ ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಎಲ್ಲಾರೂ ಬಡಿಗ್ಯಾ ಮುತ್ಯಾ ಅಂತೇ ಕರೀತಿದ್ದೆವಲ್ಲೋ."

ಎತ್ತಿನ ಹೊಟ್ಟೆಯ ಕೆಳಗೆ ಮಗಳು ಅದನ್ನೇ ಬರೆದಳು. 'ಬಡಿಗ್ಯಾ ಮುತ್ಯಾ, ಮೋರಖಂಡಿ.' ಮೇಲೆ ಎರಡು ಕೋಟ್ ವಾರ್ನಿಶ್ ಹೊಡೆದೆ.