ಕಲ್ಲು, ಕಾಗದ, ಕತ್ತರಿ: ಸೋಲೋರೂ ಉಳಿಯೋದು ಹೇಗೆ?

ನಾನು ಬಿ.ಕಾಂ. ಓದಿದವನು. ಸ್ಪರ್ಧೆ ಅಂದ್ರೆ ನನಗೆ ಗೊತ್ತಿದ್ದ ಕಥೆ ಒಂದೇ: ದೊಡ್ಡ ಅಂಗಡಿ ಬಂತು, ಪಕ್ಕದ ಚಿಕ್ಕ ಅಂಗಡಿ ಬಾಗಿಲು ಹಾಕ್ತು. ಪ್ರಕೃತಿಯಲ್ಲೂ ಹೀಗೇನಾ? ಹಾಗಾದ್ರೆ ಒಂದು ಹಿಡಿ ಮಣ್ಣಲ್ಲಿ ಅಷ್ಟೊಂದು ಬಗೆಯ ಜೀವಿಗಳು ಹೇಗೆ ಉಳಿದಿವೆ?

ಮೊದಲು 1934ಕ್ಕೆ ಹೋಗೋಣ. ಆ ವರ್ಷ ಮಾಸ್ಕೋದ ಯುವ ವಿಜ್ಞಾನಿ ಜಾರ್ಜಿ ಗೌಸ್ ಅವರ ಪುಸ್ತಕ ಬಂತು. ಅವರು ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿಯ ಎರಡು ಜಾತಿಗಳನ್ನ ಸಾಕಿದ್ರು. ಬೇರೆ ಬೇರೆ ಇಟ್ಟಾಗ ಎರಡೂ ಚೆನ್ನಾಗಿ ಬೆಳೆದವು. ಒಂದೇ ಟ್ಯೂಬಿಗೆ ಹಾಕಿ ಒಂದೇ ಆಹಾರ ಕೊಟ್ಟಾಗ ಒಂದು ಗೆದ್ದಿತು, ಇನ್ನೊಂದು ಅಳಿಯಿತು. ಥೇಟ್ ನಮ್ಮ ಅಂಗಡಿ ಕಥೆ! ಆದ್ರೆ ಆ ಪುಟ್ಟ ಟ್ಯೂಬಲ್ಲಿ ಸೋತವರು ದೂರ ಹೋಗಿ ಬದುಕೋಕೆ ಜಾಗವೇ ಇರಲಿಲ್ಲ.

ಜಾಗ ಕೊಟ್ರೆ ಏನಾಗುತ್ತೆ? 2002ರಲ್ಲಿ ಬೆಂಜಮಿನ್ ಕೆರ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ರು. ಅವರು ತಗೊಂಡಿದ್ದು ಈ.ಕೋಲೈ ಬ್ಯಾಕ್ಟೀರಿಯಾದ ಮೂರು ಬಗೆ. ಒಂದು ವಿಷ ಬಿಡುತ್ತೆ. ಇನ್ನೊಂದು ಆ ವಿಷಕ್ಕೆ ಸಾಯುತ್ತೆ, ಆದ್ರೆ ಬೇಗ ಬೆಳೆಯುತ್ತೆ. ಮೂರನೇದು ವಿಷವನ್ನ ತಡ್ಕೊಳ್ಳುತ್ತೆ, ಬೆಳವಣಿಗೆ ಮಾತ್ರ ಮಧ್ಯಮ. ಅಂದ್ರೆ ವಿಷದವನು ಬೇಗ ಬೆಳೆಯೋನನ್ನ ಕೊಲ್ತಾನೆ, ಬೇಗ ಬೆಳೆಯೋನು ತಡ್ಕೊಳ್ಳೋನನ್ನ ಹಿಂದೆ ಹಾಕ್ತಾನೆ, ತಡ್ಕೊಳ್ಳೋನು ವಿಷದವನನ್ನ ಹಿಂದೆ ಹಾಕ್ತಾನೆ. ನಾವು ಚಿಕ್ಕವರಿದ್ದಾಗ ಆಡ್ತಿದ್ದ ಕಲ್ಲು-ಕಾಗದ-ಕತ್ತರಿ ಆಟವೇ ಇದು.

ಮೂರನ್ನೂ ಫ್ಲಾಸ್ಕಿಗೆ ಹಾಕಿ ಅಲುಗಾಡಿಸಿದ್ರು. ವಿಷ ಎಲ್ಲ ಕಡೆ ಹರಡಿ ಬೇಗ ಬೆಳೆಯೋನು ಮೊದಲು ಹೋದ. ಆಮೇಲೆ ವಿಷದವನೂ ಸೋತ. ಉಳಿದಿದ್ದು ಒಂದೇ.

ಅದೇ ಮೂರನ್ನ ತಟ್ಟೆಯ ಮೇಲೆ ಅಲುಗಾಡಿಸದೆ ಬೆಳೆಸಿದಾಗ ಮೂರೂ ಉಳಿದವು. ಇಲ್ಲಿ ಪ್ರತಿಯೊಂದರ ಸ್ಪರ್ಧೆ ಪಕ್ಕದವರ ಜೊತೆ ಮಾತ್ರ. ಒಂದು ಗುಂಪು ಈ ಕಡೆ ಸೋತರೆ ಆ ಕಡೆ ಗೆಲ್ತಿತ್ತು. ಗಡಿಗಳು ದಿನಾ ಸರಿದಾಡ್ತಿದ್ದವು, ಆದ್ರೆ ಒಟ್ಟು ತಟ್ಟೆಯಲ್ಲಿ ಯಾರೂ ಮಾಯವಾಗಲಿಲ್ಲ. ಹೊಸ ತಟ್ಟೆಗೆ ದಾಟಿಸುವಾಗ ಬೇಕಂತಲೇ ಕಲಸಿಬಿಟ್ರೆ ಮತ್ತೆ ಫ್ಲಾಸ್ಕಿನ ಕಥೆಯೇ ಆಯ್ತು.

ಹಾಗಂತ ಬೇಲಿ ಹಾಕಿಬಿಟ್ರೆ ಸರಿಹೋಗುತ್ತೆ ಅಂತಲ್ಲ. ಕಾಡಿನ ಒಂದು ತುಣುಕಲ್ಲಿ ಅಳಿದ ಜೀವಿಗೆ ಪಕ್ಕದ ತುಣುಕಿನಿಂದ ಮರಳಿ ಬರೋಕೆ ದಾರಿ ಬೇಕು. ಎಷ್ಟು ದೂರ, ಎಷ್ಟು ಬೇಗ ಹರಡುತ್ತೆ ಅನ್ನೋದೇ ಪ್ರಶ್ನೆ.

ಬಂಡೀಪುರದ ರಸ್ತೆ ಬದಿಯಲ್ಲಿ ಲಂಟಾನ ಪೊದೆಗಳನ್ನ ನೋಡಿರ್ತೀರಿ. ಅಮೆರಿಕ ಖಂಡದಿಂದ ತೋಟದ ಅಂದಕ್ಕೆ ಅಂತ ತಂದ ಗಿಡ ಅದು. ಈಗ ನಮ್ಮ ಕಾಡಿನ ಗಿಡಗಳ ಜಾಗ ಹಿಡಿದಿದೆ. ಅದು ತಾನಾಗೇ ಸಮುದ್ರ ದಾಟಿ ಬರಲಿಲ್ಲ. ತಟ್ಟೆ ಕಲಸಿದ್ದು ನಾವೇ.